ಡೆಕ್ಕಿಗೆ ಬಳಿದ ಹಸಿರು

ಅರ್ಜುನಪ್ಪನವರು ಗ್ಯಾಸ್ ಒಲೆ ಬಿಚ್ಚಿಟ್ಟ ದಿನ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಒಲೆಗೆ ಅಂಥದ್ದೇನೂ ಆಗಿರಲಿಲ್ಲ. ಒಂದು ಬರ್ನರಿನ ಉರಿ ಸ್ವಲ್ಪ ಹಳದಿ ಬರುತ್ತಿತ್ತು, ಅಷ್ಟೇ. ಸೊಸೆ ಭಾಗ್ಯಶ್ರೀ ಬೆಳಿಗ್ಗೆ ರೊಟ್ಟಿ ಬಡಿಯಲೆಂದು ಅಡುಗೆಮನೆಗೆ ಬಂದರೆ ನಟ್ಟು, ನಳಿಗೆ, ಬರ್ನರುಗಳೆಲ್ಲ ಹಳೆಯ ಪೇಪರಿನ ಮೇಲೆ ಸಾಲಾಗಿ ಕೂತಿದ್ದವು.

“ಮಾವಾರ, ಇದನ್ನ ಯಾರು ಬಿಚ್ಚಂದ್ರು ನಿಮಗ?”

“ಯಾರರ ಹೇಳಬೇಕೇನು? ಉರಿ ಸರಿ ಇರಲಿಲ್ಲ. ಅರ್ಧಾ ತಾಸು ತಡಿ, ಜೋಡಸ್ತೇನಿ.”

“ಒಂಬತ್ತಕ್ಕ ನಾ ಸಾಲ್ಯಾಗ ಇರಬೇಕ್ರಿ. ಅರ್ಧಾ ತಾಸು ಎಲ್ಲಿಂದ ತರ್ಲಿ?”

ಅರ್ಧ ತಾಸು ಎರಡು ತಾಸಾಯಿತು. ಮಗ ಕುಮಾರಸ್ವಾಮಿ ಉಣಕಲ್ ಕ್ರಾಸಿನ ಹೋಟೆಲಿಗೆ ಹೋಗಿ ಇಡ್ಲಿ ಕಟ್ಟಿಸಿಕೊಂಡು ಬಂದ. ಭಾಗ್ಯಶ್ರೀ ನಿಂತುಕೊಂಡೇ ಎರಡು ಇಡ್ಲಿ ತಿಂದು, ಚೀಲ ಹೆಗಲಿಗೆ ಹಾಕಿಕೊಳ್ಳುತ್ತ, “ಹ್ವಾದ ವಾರ ಮಿಕ್ಸರು, ಇವತ್ತ ಒಲಿ. ಕೆಲಸಿಲ್ಲ ಅಂದ್ರ ಸುಮ್ಮ ಕುಂಡ್ರಾಕರ ಬರಬೇಕ್ರಿ ಮನಷ್ಯಾಗ,” ಎಂದು ಹೊರಟೇಬಿಟ್ಟಳು.

ಅರ್ಜುನಪ್ಪ ಬಸ್ ಡಿಪೋದ ಬಾಡಿ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದವರು. ನೆಗ್ಗಿದ ತಗಡು ಬಡಿದು ಸರಿ ಮಾಡುವುದು, ಹರಿದದ್ದನ್ನು ವೆಲ್ಡಿಂಗ್ ಮಾಡುವುದು, ಮೇಲೆ ಬಣ್ಣ ಹೊಡೆಯುವುದು ಅವರ ಕೆಲಸ. ಅವರು ಮುಟ್ಟಿದ ಬಸ್ಸು ಎರಡನೇ ಸಲ ಅದೇ ದೂರಿಗೆ ವಾಪಸು ಬಂದದ್ದಿಲ್ಲವೆಂದು ಡಿಪೋದಲ್ಲಿ ಮಾತಿತ್ತು. ನಿವೃತ್ತರಾಗಿ ಏಳು ವರ್ಷ. ಆ ಏಳು ವರ್ಷದಲ್ಲಿ ಮನೆಯ ಬಾಗಿಲು, ಕಿಟಕಿ, ನಳ, ಕುಕ್ಕರು ಒಂದನ್ನೂ ಅವರು ಬಿಟ್ಟಿರಲಿಲ್ಲ.

ಸೊಸೆಯ ಮಾತು ಅವರಿಗೆ ನಾಟಿತು. ಅವತ್ತು ಮಧ್ಯಾಹ್ನ ಸರಿಯಾಗಿ ಊಟವನ್ನೂ ಮಾಡಲಿಲ್ಲ. ಹೆಂಡತಿ ಚನ್ನಬಸವ್ವ, “ಅಕಿ ಅಂದದ್ದು ಖರೇನ ಐತಿ. ಪುಂಡಿಪಲ್ಯ ಆರಾಕತ್ತೈತಿ, ಉಣ್ರಿ,” ಎಂದರು.

ಭಾಗ್ಯಶ್ರೀಗೂ ತಾನು ಹೆಚ್ಚು ಮಾತಾಡಿದೆ ಅನ್ನಿಸಿತ್ತು. ಅವಳು ಧಾರವಾಡ ರಸ್ತೆಯ ಒಂದು ಖಾಸಗಿ ಶಾಲೆಯ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಶಾಲೆಗೆ ದೊಡ್ಡ ಮೈದಾನ. ಅದರ ಹುಲ್ಲು ಕತ್ತರಿಸಲು ಒಂದು ಸಣ್ಣ ಟ್ರ್ಯಾಕ್ಟರು. ಆ ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಬೋರಲು ಹಾಕಿದ ಬುಟ್ಟಿಯಂಥ ಕಬ್ಬಿಣದ ಭಾಗವಿರುತ್ತದೆ. ಅದರೊಳಗೇ ಬ್ಲೇಡು ತಿರುಗುವುದು. ಅದಕ್ಕೆ ಡೆಕ್ಕು ಅನ್ನುತ್ತಾರೆ. ಡೆಕ್ಕು ತುಕ್ಕು ಹಿಡಿದು, ಹುಲ್ಲು ಮೆತ್ತಿ, ಬಣ್ಣ ಹೋಗಿತ್ತು. ಆಗಸ್ಟ್ ಹದಿನೈದರೊಳಗೆ ಅದನ್ನು ತೊಳೆಸಿ ಬಣ್ಣ ಹಚ್ಚಿಸಬೇಕೆಂದು ಹೆಡ್‌ಮೇಡಂ ಹೇಳಿದಾಗ, “ನಮ್ಮ ಮಾವಾರು ಮಾಡ್ತಾರ್ರಿ, ಡಿಪೋದಾಗ ಇದ್ದಾರು,” ಎಂದು ಭಾಗ್ಯಶ್ರೀಯೇ ಒಪ್ಪಿಕೊಂಡು ಬಂದಳು.

ರಾತ್ರಿ ಊಟಕ್ಕೆ ಕೂತಾಗ ಸುದ್ದಿ ಹೇಳಿದಳು. “ಮೇಡಂ ಅವರು ಖಾಜಾಸಾಬನ ವೆಲ್ಡಿಂಗ್ ಅಂಗಡಿಗೆ ಕೊಡೂನು ಅನ್ನಾಕತ್ತಿದ್ರು. ನಾನ ಬ್ಯಾಡಂದೆ.”

ಅರ್ಜುನಪ್ಪನವರ ಮುಖ ಅರಳಿತು. “ಖಾಜಾಸಾಬ? ಅಂವಗ ಕೈ ಹಿಡದು ಕೆಲಸಾ ಕಲಿಸಿದಾಂವ ನಾ. ಕಳಸು, ಕಳಸು. ನಿಮ್ಮ ಮೇಡಂ ಹೊಸಾದು ತಂದ್ರೇನು ಅನ್ನಬೇಕು, ಹಂಗ ಮಾಡಿ ಕೊಡ್ತೇನಿ.”

ಜುಲೈ ಮೊದಲ ವಾರ ಡೆಕ್ಕು ಟಂಟಂನಲ್ಲಿ ಮನೆಗೆ ಬಂತು. ಬ್ಲೇಡುಗಳನ್ನು ಶಾಲೆಯ ಡ್ರೈವರ್ ಸಿದ್ದಪ್ಪ ಮೊದಲೇ ಬಿಚ್ಚಿಟ್ಟುಕೊಂಡಿದ್ದ. ಹಿತ್ತಲಲ್ಲಿ ತಗಡಿನ ಚಪ್ಪರದ ಕೆಳಗೆ ಅದನ್ನು ಅಂಗಾತ ಕೆಡವಿಕೊಂಡು ಅರ್ಜುನಪ್ಪ ಕೂತರು. ಒಳಮೈಗೆ ವರ್ಷಗಟ್ಟಲೆಯ ಹುಲ್ಲು ಸಗಣಿಯ ಹಾಗೆ ಗಟ್ಟಿಯಾಗಿ ಅಂಟಿತ್ತು. ಮೊದಲ ದಿನ ಅದನ್ನು ಖುರ್ಪಿಯಿಂದ ಕೆರೆದರು. ಎರಡನೇ ದಿನ ಸೋಪಿನ ನೀರು ಹಾಕಿ ತಿಕ್ಕಿದರು. ಮೂರನೇ ದಿನ ತಂತಿ ಬ್ರಷ್ ಹಿಡಿದರು. ಹೊರಗೆ ಜಿಟಿಜಿಟಿ ಮಳೆ. ಚನ್ನಬಸವ್ವ ತಾಸಿಗೊಮ್ಮೆ ಚಹಾ ತಂದಿಟ್ಟು, “ಮೈಮ್ಯಾಲೆಲ್ಲಾ ತುಕ್ಕು. ಈ ಧೋತ್ರಾ ನಾ ಒಗ್ಯಾಂಗಿಲ್ಲ ನೋಡ್ರಿ,” ಎಂದು ಬೈಯುವರು. ಆದರೂ ಗಂಡ ಏಳು ವರ್ಷದಲ್ಲಿ ಮೊದಲ ಬಾರಿ ಮೂರು ರೊಟ್ಟಿ ಉಣ್ಣುವುದನ್ನು ನೋಡಿ ಅವರಿಗೂ ಸಮಾಧಾನವಾಗಿತ್ತು.

ನಾಲ್ಕನೇ ದಿನ ಡೆಕ್ಕಿನ ಬಲಮಗ್ಗುಲಿಗೆ ಬಂದರು. ಕತ್ತರಿಸಿದ ಹುಲ್ಲು ಹೊರಬೀಳುವ ಬಾಯಿ ಅಲ್ಲಿತ್ತು. ಬ್ಲೇಡಿಗೆ ಕಲ್ಲು ಸಿಕ್ಕಿ ಹಾರಿದರೆ ಅದನ್ನು ತಡೆದು ನೆಲಕ್ಕೆ ಕೆಡವಲೆಂದು ಬಾಯಿಯ ಮೇಲೆ ಒಂದು ಕಬ್ಬಿಣದ ಮುಚ್ಚಳ. ಮುಚ್ಚಳ ಗಟ್ಟಿಯಾಗಿತ್ತು. ಅದನ್ನು ಹಿಡಿದಿದ್ದ ಎರಡು ಬೋಲ್ಟುಗಳ ಸುತ್ತಲಿನ ತಗಡಿಗೆ ಬ್ರಷ್ ತಾಗಿಸಿದ್ದೇ ತಡ, ಹಪ್ಪಳದ ಹಾಗೆ ಮುರಿದು ಉದುರಿತು. ಬೋಲ್ಟುಗಳು ಕೈಗೆ ಬಂದವು. ಬೆರಳು ತೂರುವಷ್ಟು ತೂತು.

ಅದಕ್ಕೆ ಏನು ಮಾಡಬೇಕೆಂದು ಅವರಿಗಿಂತ ಚೆನ್ನಾಗಿ ತಿಳಿದವರಿರಲಿಲ್ಲ. ಕೊಳೆತ ಭಾಗ ಕತ್ತರಿಸಿ ತೆಗೆದು, ಹೊಸ ಪಟ್ಟಿ ಕೂಡಿಸಿ ವೆಲ್ಡಿಂಗ್ ಮಾಡಬೇಕು. ಮೂಲೆಯಲ್ಲಿ ಅವರ ಹಳೆಯ ವೆಲ್ಡಿಂಗ್ ಮಷೀನೂ ಇತ್ತು. ಆದರೆ ಅವರ ಬಲಗೈ ಮೂರು ವರ್ಷದಿಂದ ನಡುಗುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುವುದು ಚಳಿಗೆಂದೇ ಎಲ್ಲರೂ ತಿಳಿದಿದ್ದರು. ಚನ್ನಬಸವ್ವ ಮಲಗಿದ ಮಧ್ಯಾಹ್ನ ಒಂದು ಗುಜರಿ ತಗಡಿನ ಮೇಲೆ ಪ್ರಯತ್ನ ಮಾಡಿ ನೋಡಿದರು. ರಾಡು ಒಂದು ಕಡೆ ಅಂಟಿಕೊಂಡಿತು, ಇನ್ನೊಂದು ಕಡೆ ತಗಡನ್ನೇ ಸುಟ್ಟು ತೂತು ಮಾಡಿತು. ಆ ತಗಡನ್ನು ಚೀಲದಲ್ಲಿ ಸುತ್ತಿ ಹಿತ್ತಲ ಗೋಡೆಯಾಚೆ ಒಗೆದರು.

ಸಂಜೆ ಖಾಜಾಸಾಬನ ಅಂಗಡಿಗೆ ಹೋದರು. ಮೂರೇ ಗಲ್ಲಿ ದಾಟಬೇಕು. ಖಾಜಾಸಾಬ ಕಣ್ಣಿನ ಕಪ್ಪು ಗಾಜು ತೆಗೆದು ಎದ್ದು ಬಂದ.

“ಬರ್ರಿ ಉಸ್ತಾದ, ಕುಂಡ್ರ್ರಿ. ಸಾಲಿ ಮಷೀನ್ ನೀವ ಮಾಡಾಕತ್ತೀರಂತ ಕೇಳ್ದೆ. ಛಲೋ ಆತು. ಏನರ ಬೇಕಿತ್ತೇನ್ರಿ?”

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳು ಕೂತಿದ್ದರು. ‘ನನ್ನ ಕೈ ನಡಗತೈತಿ, ಒಂದು ಪಟ್ಟಿ ಹಚ್ಚಿಕೊಡು’ ಎಂದರೆ ಮುಗಿದುಹೋಗುತ್ತಿತ್ತು. ಅರ್ಜುನಪ್ಪ ಗಿರಾಕಿಗಳತ್ತ ಒಮ್ಮೆ ನೋಡಿದರು.

“ಏನೂ ಬ್ಯಾಡ. ಹಂಗ ಅಡ್ಯಾಡಕೋಂತ ಬಂದಿದ್ದೆ,” ಎಂದು ಅವನು ತರಿಸಿದ ಚಹಾ ಕುಡಿದು ಎದ್ದರು.

ಬರುವ ದಾರಿಯಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ, ನಳದ ಸೋರಿಕೆಗೆ ಹಚ್ಚುವ, ಕಲಸಿದರೆ ಕಲ್ಲಾಗುವ ಅಂಟು ಕೊಂಡರು. ಮರುದಿನ ತೂತಿನ ಒಳಗಿನಿಂದ ಡಬ್ಬಿಯ ತಗಡಿನ ಒಂದು ತುಣುಕಿಟ್ಟು, ಬೋಲ್ಟುಗಳ ಸುತ್ತ ಅಂಟು ತುಂಬಿ, ಒಣಗಿದ ಮೇಲೆ ಪಾಲಿಶ್ ಪೇಪರಿನಿಂದ ತಿಕ್ಕಿದರು. ಅದರ ಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡು ಎರಡು ಕೈ, ಎರಡು ಕೈ ಹಸಿರು ಬಣ್ಣ. ಬಣ್ಣ ಹಚ್ಚುವಾಗ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡಿದ್ದರು. ಮುಗಿದಾಗ ತೂತು ಎಲ್ಲಿತ್ತೆಂದು ಅವರಿಗೇ ಹುಡುಕಬೇಕಾಯಿತು. ಮೂವತ್ತಾರು ವರ್ಷದಲ್ಲಿ ಇಂಥ ಕಳ್ಳ ಕೆಲಸ ಅವರು ಮಾಡಿರಲಿಲ್ಲ.

ಡೆಕ್ಕು ಶಾಲೆಗೆ ಹೋದ ಸಂಜೆ ಭಾಗ್ಯಶ್ರೀ ಮಿಠಾಯಿ ತಂದಳು. “ಎಲ್ಲಾರೂ ಸುತ್ತುಗಟ್ಟಿ ನಿಂತು ನೋಡಿದ್ರು ಮಾವಾರ! ಮೇಡಂ ಅಂತೂ, ‘ಇಂಥಾ ಮನಷ್ಯಾರು ಮನ್ಯಾಗ ಇರೂದು ನಿಮ್ಮ ಪುಣ್ಯಾರೀ’ ಅಂದ್ರು.” ಆಮೇಲೆ ತಗ್ಗಿದ ದನಿಯಲ್ಲಿ, “ಒಲಿ ಬಿಚ್ಚಿದ ದಿನಾ ನಾ ಹಂಗ ಅನಬಾರದಿತ್ರಿ,” ಎಂದಳು.

“ಇರಲಿ ಬಿಡವಾ,” ಎಂದರು ಅರ್ಜುನಪ್ಪ. ತಮ್ಮ ಪಾಲಿನ ಮಿಠಾಯಿಯನ್ನು ಹೆಂಡತಿಯ ತಟ್ಟೆಗೆ ಹಾಕಿದರು.

ನಾಲ್ಕು ವಾರ ಮಷೀನು ಓಡಿತು. ಆಗಸ್ಟ್ ಹನ್ನೊಂದರ ಮಧ್ಯಾಹ್ನ ಭಾಗ್ಯಶ್ರೀ ಹೊತ್ತಿಗೆ ಮೊದಲೇ ಮನೆಗೆ ಬಂದಳು. ಸೀರೆಯ ಸೆರಗಿಗೆ ರಕ್ತ ಹತ್ತಿತ್ತು.

“ನಮ್ಮ ಮೀರಾಬಿಗೆ ಕಲ್ಲ ಬಡೀತ್ರಿ ಅತ್ಯಾರ. ಹುಲ್ಲ ಕತ್ತರಸಾಕತ್ತಿದ್ದಾಗ. ಮುಚ್ಚಳಾ ಕಿತ್ತ ಬಿದ್ದು ಕಲ್ಲ ಸೀದಾ ಕಾಲಿಗೆ ಬಂದೈತಿ. ಮೊಣಕಾಲ ಕೆಳಗ ಎಲುವ ಮುರದೈತಿ.”

ಮೀರಾಬಿ ಶಾಲೆಯ ಕಸ ಗುಡಿಸುವಾಕೆ. ಮಷೀನು ಓಡುವ ಮುಂಚೆ ಮೈದಾನದ ಕಲ್ಲು ಆರಿಸುವುದೂ ಅವಳದೇ ಕೆಲಸ. ಭಾಗ್ಯಶ್ರೀ ಅವಳ ಬಗ್ಗೆ ಮನೆಯಲ್ಲಿ ಎಷ್ಟೋ ಸಲ ಹೇಳಿದ್ದಳು.

“ಮುಚ್ಚಳಾ ಹ್ಯಾಂಗ ಕಿತ್ತಿತು?” ಎಂದ ಕುಮಾರಸ್ವಾಮಿ.

“ಗಿಡದ ಬುಡದ ಕಟ್ಟೀಗೆ ಮಷೀನ್ ತಾಗಿರಬೇಕು ಅಂತಾನ ಸಿದ್ದಪ್ಪ. ತಾಗಿದ್ದು ಅಂವಗ ನೆನಪಿಲ್ಲಂತ. ಮಾವಾರ, ನಾಳೆ ನೀವೊಮ್ಮೆ ಬಂದು ನೋಡ್ರಿ. ನಿಮಗ ಗೊತ್ತಾಕ್ಕೈತಿ. ನೀವು ಹೇಳಿದಂಗ ರಿಪೋರ್ಟ್ ಬರೀತೇವಿ ಅಂದಾರ ಮೇಡಂ.”

ಮರುದಿನ ಶಾಲೆಯ ಶೆಡ್ಡಿನಲ್ಲಿ ಸಿದ್ದಪ್ಪ ಬೀಗ ತೆಗೆದುಕೊಟ್ಟು ಹೊರಗೆ ನಿಂತ. ಅರ್ಜುನಪ್ಪ ಒಬ್ಬರೇ ಒಳಗೆ ಹೋಗಿ ಮೊಣಕಾಲೂರಿ ಕೂತರು. ಮುಚ್ಚಳ ಪಕ್ಕದಲ್ಲೇ ಬಿದ್ದಿತ್ತು. ಬೋಲ್ಟಿಗೆ ಅವರ ಅಂಟಿನ ಗಡ್ಡೆ, ಹೊರಮೈಗೆ ಹಸಿರು ಬಣ್ಣದ ಸಮೇತ, ಹಾಗೇ ಕಚ್ಚಿಕೊಂಡಿತ್ತು. ಹೊರಗೆ ಸಿದ್ದಪ್ಪ ಕೆಮ್ಮಿದ. ಅರ್ಜುನಪ್ಪ ಸ್ಪ್ಯಾನರಿನ ಹಿಂಬದಿಯಿಂದ ಮೆಲ್ಲಗೆ ಬಡಿದು ಗಡ್ಡೆ ಬಿಡಿಸಿದರು. ಚೂರುಗಳನ್ನು ಆಯ್ದು ಕಿಸೆಗೆ ಹಾಕಿಕೊಂಡು, ಡಬ್ಬಿಯ ತಗಡನ್ನೂ ಕಿತ್ತುಕೊಂಡು ಎದ್ದರು.

“ಏನಾಗೇತ್ರಿ ಯಜಮಾನ್ರ?” ಎಂದ ಸಿದ್ದಪ್ಪ.

“ಪೆಟ್ಟು ಬಿದ್ದು ಕಿತ್ತೈತಿ. ಎಲ್ಲೋ ಜೋರ ತಾಗೇತಿ.”

ಸಿದ್ದಪ್ಪನ ಮುಖ ಸಪ್ಪಗಾಯಿತು. ಮನೆಗೆ ಮರಳುವಾಗ ಅರ್ಜುನಪ್ಪ ಆ ಚೂರುಗಳನ್ನು ಉಣಕಲ್ ಕೆರೆಗೆ ಒಗೆದರು.

ರಾತ್ರಿ ಊಟದಲ್ಲಿ ಭಾಗ್ಯಶ್ರೀ ಮತ್ತೊಮ್ಮೆ ಕೇಳಿದಳು. “ಬೋಲ್ಟ್ ಜಾಗಾ ಗಟ್ಟಿ ಇತ್ತಲ್ರಿ ಮಾವಾರ? ನಾ ಬರದು ಸಹಿ ಮಾಡಬೇಕು, ಅದಕ್ಕ ಕೇಳ್ತೇನಿ.”

“ಗಟ್ಟಿ ಇತ್ತು.”

ಅವಳು ಬರೆದಳು. ಯಂತ್ರ ಸುಸ್ಥಿತಿಯಲ್ಲಿತ್ತು, ಡ್ರೈವರ್ ಎಲ್ಲೋ ತಾಗಿಸಿದ್ದರಿಂದ ಮುಚ್ಚಳ ಕಿತ್ತಿತ್ತು, ಕಲ್ಲು ಸರಿಯಾಗಿ ಆರಿಸಿರಲಿಲ್ಲ, ಕೆಲಸದಾಕೆ ಯಂತ್ರದ ಬಲಮಗ್ಗುಲಿಗೆ ನಿಲ್ಲಬಾರದೆಂಬ ಸೂಚನೆ ಮೀರಿದ್ದಳು. ಸಿದ್ದಪ್ಪನಿಗೆ ನೋಟೀಸು ಬಂತು. ಮೀರಾಬಿಯ ಜಾಗಕ್ಕೆ ಬೇರೊಬ್ಬಳನ್ನು ತೆಗೆದುಕೊಂಡರು.

ಗಣೇಶ ಚೌತಿ ಕಳೆದ ಮೇಲೆ ಒಂದು ರವಿವಾರ ಚನ್ನಬಸವ್ವ ಹಟ ಹಿಡಿದರು. “ನಮ್ಮ ಸೊಸಿ ಸಾಲ್ಯಾಗ ದುಡಿಯಾಕಿ. ಹೋಗಿ ನೋಡಿ ಬರೂದು ಧರ್ಮ. ನಡೀರಿ.” ನಾಲ್ಕು ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಮೊಸರು ಕಟ್ಟಿಕೊಂಡರು. ತಪ್ಪಿಸಿಕೊಳ್ಳಲು ಅರ್ಜುನಪ್ಪನವರಿಗೆ ಯಾವ ನೆಪವೂ ಸಿಗಲಿಲ್ಲ.

ಒಂದೇ ಕೋಣೆಯ ಮನೆ. ಮೀರಾಬಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಗೋಡೆಗೊರಗಿದ್ದಳು. ಬಾಗಿಲ ಹತ್ತಿರ ಅವಳ ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಕಿವಿ ಮಂದ, ಅದಕ್ಕೇ ಮಾತು ದೊಡ್ಡದು. “ಹದಿನಾಕ ವರ್ಷ ದುಡದಾಳ್ರಿ ಇಕಿ! ಕಲ್ಲ ಆರಸಾಕ ಕೊಟ್ರ ಕಣ್ಣ ಎಲ್ಲಿಟ್ಟಿದ್ಲೋ! ಇಡೀ ಗಲ್ಲಿ ನಗಾಕತ್ತೈತಿ!”

ಅತ್ತೆ ಸೊಪ್ಪು ತೊಳೆಯಲು ಹೊರಗೆ ಹೋದ ಮೇಲೆ ಮೀರಾಬಿ ಅರ್ಜುನಪ್ಪನವರತ್ತ ತಿರುಗಿ, “ಕಾಕಾರ, ನಾ ಅವತ್ತ ಎರಡ ಸಲ ಆರಿಸಿದ್ದೇರಿ. ಆದ್ರೂ ಒಂದ ಬಿಟ್ಟಿದ್ದೆ ಅಂದಂಗಾತು. ದಿನಾ ಮಲಗಿದಾಗ ಮೈದಾನ ಕಣ್ಣಮುಂದ ಬರತೈತಿ. ಯಾವ ಮೂಲ್ಯಾಗ ಬಿಟ್ಟೆ ಅಂತ ಹುಡಕತೇನ್ರಿ,” ಎಂದಳು. “ಭಾಗ್ಯಶ್ರೀ ಬಾಯಾರಿಗೆ ಹೇಳ್ರಿ, ನನ್ನಿಂದ ಅವರಿಗೆ ಕೆಟ್ಟ ಹೆಸರ ಬಂತು.”

ಅರ್ಜುನಪ್ಪ ಚಪ್ಪಲಿ ಮೆಟ್ಟುವುದನ್ನೂ ಮರೆತು ಗಲ್ಲಿಯ ತುದಿಯವರೆಗೆ ಬರಿಗಾಲಲ್ಲಿ ನಡೆದಿದ್ದರು. ಚನ್ನಬಸವ್ವ ಕೈಯಲ್ಲಿ ಚಪ್ಪಲಿ ಹಿಡಿದು ಹಿಂದೆ ಓಡಿ ಬಂದರು.

ಅವತ್ತು ಸಂಜೆ ನಾಲ್ವರೂ ಅವಲಕ್ಕಿ ತಿನ್ನುತ್ತ ಕೂತಾಗ ಅವರು ಪ್ಲೇಟು ಕೆಳಗಿಟ್ಟು ಎಲ್ಲವನ್ನೂ ಹೇಳಿದರು. ತೂತು, ಅಂಟು, ಕೈನಡುಕ, ಖಾಜಾಸಾಬನ ಚಹಾ, ಶೆಡ್ಡು, ಕೆರೆ. ಒಂದನ್ನೂ ಬಿಡಲಿಲ್ಲ. ತಲೆ ಎತ್ತಲೂ ಇಲ್ಲ.

ಮೊದಲು ಮಾತಾಡಿದವನು ಕುಮಾರಸ್ವಾಮಿ. “ಆಗಿದ್ದಾತು. ಈಗ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಅಪ್ಪಾ. ಸಾಕ್ಷಿ ಏನೂ ಉಳದಿಲ್ಲ. ಆಕಿಗೆ ನಾವು ಬ್ಯಾರೆ ರೀತಿಲೆ ಸಹಾಯ ಮಾಡೂನು.”

“ಏ ಸುಮ್ಮಕಿರು,” ಎಂದರು ಚನ್ನಬಸವ್ವ. ಗಂಡನತ್ತ ತಿರುಗಿ, “ನನಗರ ಹೇಳಬಾರದಿತ್ತೇನ್ರಿ? ಕೈ ನಡಗೂದ ದೊಡ್ಡ ಅಪರಾಧ ಆಗಿತ್ತೇನು?”

ಭಾಗ್ಯಶ್ರೀ ಎದ್ದು ನಿಂತಿದ್ದಳು. ಅವಳ ದನಿ ಏರಲಿಲ್ಲ. “ನಾ ಎರಡ ಸಲ ಕೇಳಿದ್ದೇರಿ ನಿಮ್ಮನ್ನ. ಇದ ಜಾಗಾದಾಗ ಕುಂತು ಕೇಳಿದ್ದೆ. ಅಕಿ ಬಿದ್ದಾಗ ಅಕಿ ತಲಿ ಈ ಕೈಲೆ ಹಿಡದು ತೊಡಿಮ್ಯಾಲೆ ಇಟ್ಕೊಂಡಿದ್ದೆ. ಆ ಕೈಲೇನ ನಾ ಅಕಿ ತಪ್ಪಂತ ಬರದೆ.”

“ತಪ್ಪಾತವಾ.”

“ನನ್ನ ಮುಂದ ಯಾಕ ಹೇಳ್ತೀರಿ ಅದನ್ನ? ನಾಳೆ ಹತ್ತಕ್ಕ ಸಾಲಿಗೆ ಬರ್ರಿ.”

“ಭಾಗ್ಯಾ, ನಿನ್ನ ಕೆಲಸಕ್ಕ—” ಎಂದು ಕುಮಾರಸ್ವಾಮಿ ತಡೆಯಲು ಹೋದ.

“ಹೋದ್ರ ಹೋಗ್ಲಿ,” ಎಂದು ಅವಳು ಪ್ಲೇಟುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಹೆಡ್‌ಮೇಡಂ ಕೋಣೆಯಲ್ಲಿ ಅರ್ಜುನಪ್ಪನವರ ಹೇಳಿಕೆ ಬರೆದುಕೊಳ್ಳುವ ಕೆಲಸ ಭಾಗ್ಯಶ್ರೀಗೇ ಬಂತು. ಅವಳು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೆಸರು ಕೇಳಿದಳು, ವಯಸ್ಸು ಕೇಳಿದಳು, ಗುರುತಿಲ್ಲದವರನ್ನು ಕೇಳುವ ಹಾಗೆ. ಅವರು ಹೇಳಿದರು. ಕೊನೆಯಲ್ಲಿ ಮೇಡಂ ಹಾಳೆಯನ್ನು ಎರಡು ಸಲ ಓದಿ, “ಭಾಗ್ಯಶ್ರೀ, ನಿಮಗ ಇದು ಮೊದಲ ಗೊತ್ತಿರಲಿಲ್ಲ?” ಎಂದರು.

“ಇರಲಿಲ್ರಿ.”

ಮೇಡಂ ತಲೆಯಾಡಿಸಿದರು. ಅವರು ನಂಬಲಿಲ್ಲವೆಂದು ಕೋಣೆಯಲ್ಲಿದ್ದ ಉಳಿದಿಬ್ಬರಿಗೂ ಗೊತ್ತಾಯಿತು. ತಾನು ನಿಜ ಹೇಳಿದ್ದರಿಂದ ಸೊಸೆ ಸುಳ್ಳುಗಾರ್ತಿಯಾದಳಲ್ಲ ಎಂದುಕೊಳ್ಳುತ್ತ ಅರ್ಜುನಪ್ಪ ಮನೆಯ ದಾರಿ ಹಿಡಿದರು.

ವಾರದೊಳಗೆ ತೀರ್ಮಾನವಾಯಿತು. ಸಿದ್ದಪ್ಪನ ನೋಟೀಸು ವಾಪಸಾಯಿತು. ಅವನು ಮಾತ್ರ ಅರ್ಜುನಪ್ಪನವರನ್ನು ಎದುರಿಗೆ ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ. ಡೆಕ್ಕನ್ನು ಖಾಜಾಸಾಬ ಕೊಳೆತ ಭಾಗ ಕತ್ತರಿಸಿ ಸರಿ ಮಾಡಿಕೊಟ್ಟ. ಭಾಗ್ಯಶ್ರೀಯನ್ನು ಕಚೇರಿಯಿಂದ ತೆಗೆದು ಗ್ರಂಥಾಲಯದ ಮೇಜಿಗೆ ಹಾಕಿದರು. ಕಾಲು ಸರಿಯಾದ ಮೇಲೆ ಮೀರಾಬಿ ಕೆಲಸಕ್ಕೆ ಮರಳಬಹುದೆಂದು ಶಾಲೆ ಪತ್ರ ಬರೆಯಿತು. ಕಚೇರಿ ಬಿಡುವ ಮುಂಚೆ ಭಾಗ್ಯಶ್ರೀ ಟೈಪ್ ಮಾಡಿದ ಕೊನೆಯ ಪತ್ರ ಅದು.

“ಪತ್ರಾ ನಾನ ಕೊಟ್ಟು ಬರ್ತೇನಿ. ನೀವೂ ಬರ್ರಿ,” ಎಂದಳು ಮಾವನಿಗೆ. ಒಂದು ವಾರದಲ್ಲಿ ಅವಳು ಅವರೊಂದಿಗೆ ತಾನಾಗಿ ಆಡಿದ ಮೊದಲ ಮಾತು.

ಸಂಜೆಯ ಹೊತ್ತು. ನೀರು ಬಂದಿದ್ದರಿಂದ ಗಲ್ಲಿಯ ಹೆಂಗಸರೆಲ್ಲ ಕೊಡ ಹಿಡಿದು ಹೊರಗಿದ್ದರು. ಮೀರಾಬಿ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದಳು. ಭಾಗ್ಯಶ್ರೀ ಅವಳ ಪಕ್ಕ ನೆಲದ ಮೇಲೇ ಕೂತು ಪತ್ರ ಓದಿದಳು.

ಮೀರಾಬಿ ಪೂರ್ತಿ ಕೇಳಿದಳು. ಅಳಲಿಲ್ಲ, ಬೈಯಲಿಲ್ಲ. ಅರ್ಜುನಪ್ಪನವರನ್ನು ಒಮ್ಮೆ ನೋಡಿ ಕಣ್ಣು ತೆಗೆದಳು. ಆಮೇಲೆ ಒಳಗೆ ತಿರುಗಿ ಕೂಗಿದಳು. “ಅತ್ತಿ! ಹೊರಗ ಬರ್ರಿ! ಏ ಅಕ್ಕಾ, ನೀವೂ ಎಲ್ಲಾರೂ ಸ್ವಲ್ಪ ಈ ಕಡೆ ಬರ್ರಿ!” ಹೆಂಗಸರು ಕೊಡ ಇಳಿಸಿ ಬಂದರು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. “ಇನ್ನೊಮ್ಮೆ ಓದ್ರಿ ಬಾಯಾರ. ಜೋರಲೆ ಓದ್ರಿ. ಇವರೆಲ್ಲಾ ಕೇಳ್ಲಿ.”

ಭಾಗ್ಯಶ್ರೀ ಹಾಳೆಯನ್ನು ಮಾವನತ್ತ ಚಾಚಿದಳು. “ನೀವ ಓದ್ರಿ ಮಾವಾರ.”

ಅರ್ಜುನಪ್ಪ ಎರಡೂ ಕೈಯಲ್ಲಿ ಹಿಡಿದರೂ ಹಾಳೆ ಅಲುಗಿತು. ಎಲ್ಲರೂ ಅದನ್ನು ನೋಡಿದರು. ಅವರು ಓದಿದರು: “ಈ ಅಪಘಾತದಲ್ಲಿ ಶ್ರೀಮತಿ ಮೀರಾಬಿ ಅವರ ತಪ್ಪು ಯಾವುದೂ ಇರುವುದಿಲ್ಲ. ಯಂತ್ರದ ದುರಸ್ತಿ ಮಾಡಿದ ಅರ್ಜುನಪ್ಪ ಎಂಬವರು ತುಕ್ಕು ಹಿಡಿದ ಭಾಗವನ್ನು ಮರೆಮಾಚಿ ಬಣ್ಣ ಬಳಿದಿದ್ದೇ ಕಾರಣವೆಂದು ಅವರೇ ಒಪ್ಪಿಕೊಂಡಿರುತ್ತಾರೆ.”

ಮುದುಕಿ ಕಿವಿಗೆ ಕೈ ಅಡ್ಡ ಹಿಡಿದು ಮುಂದೆ ಬಾಗಿದಳು.

“ಯಾರಂವಾ? ಯಾರ ಅದು ಅರ್ಜುನಪ್ಪ ಅಂದ್ರ?”

ಅವಳಿಗೆ ಕೇಳಲೆಂದು ಅರ್ಜುನಪ್ಪ ದನಿ ಎತ್ತಿಯೇ ಹೇಳಬೇಕಾಯಿತು.

“ನಾನ್ರಿ,” ಎಂದರು.